ಫ್ಲೆಕ್ಸ್ ಅಂಗಡಿಯಲ್ಲಿ ಕಣ್ಣಿಗೆ ತಾಲೀಮು

ವಿಜಯಪುರದ ಫ್ಲೆಕ್ಸ್ ಅಂಗಡಿ ಹುಡುಗರಿಗೆ ಫಾಂಟ್, ಅಂದರೆ ಅಕ್ಷರದ ವಿನ್ಯಾಸ, ನೋಡಿ ಗುರುತಿಸುವುದನ್ನು ಕಲಿಸುತ್ತೇನೆ ಅಂದಾಗ ನಕ್ಕವರೇ ಹೆಚ್ಚು. ಈಗ ಅದೇ ಮಂದಿ ಮುದ್ರಣಕ್ಕೆ ಮುಂಚಿನ ಪ್ರೂಫ್ ತೋರಿಸಲು ನಮ್ಮ ಹುಡುಗರನ್ನೇ ಹುಡುಕಿಕೊಂಡು ಬರುತ್ತಾರೆ.

ಹೆಸರು ಬಾಯಿಪಾಠ ಮಾಡಿಸಿ ಉಪಯೋಗವಿಲ್ಲ. ತುಂಗಾ, ನೋಟೋ ಸ್ಯಾನ್ಸ್, ಬಾಲೂ ತಮ್ಮ ಅಂತ ಫಾಂಟುಗಳ ಹೆಸರು ಪಟಪಟ ಒಪ್ಪಿಸುವ ಹುಡುಗನೇ ಅದೇ ಫಾಂಟಿನ ಬೋಲ್ಡ್, ಅಂದರೆ ದಪ್ಪ ರೂಪ, ಮುಂದಿಟ್ಟರೆ ಬೇರೆ ಫಾಂಟು ಅನ್ನುತ್ತಾನೆ. ಕಣ್ಣಿಗೆ ಮೊದಲು ಸಿಗುವುದು ದಪ್ಪ, ಆಮೇಲೆ ಗಾತ್ರ. ಆಕಾರದ ಹತ್ತಿರ ಬರುವಷ್ಟರಲ್ಲಿ ಪದ ಓದಿ ಮುಗಿದಿರುತ್ತದೆ. ಅದಕ್ಕೇ ದಪ್ಪ ಹೆಚ್ಚುಕಡಿಮೆ ಒಂದೇ ಇರುವ ಫಾಂಟುಗಳನ್ನು ಆರಿಸಿ. ಅಕ್ಷರದ ಗಾತ್ರ ಹೇಳುವ ಪಾಯಿಂಟ್ ನಂಬಬೇಡಿ, 72 ಪಾಯಿಂಟಿನಲ್ಲಿ ಒಂದೊಂದರ ಅಳತೆ ಒಂದೊಂದು. ‘ಗ’ ಎತ್ತರವನ್ನು ಸ್ಕೇಲಿಟ್ಟು ಸಮ ಮಾಡಿ, ಪದ ಓದಲು ಬಾರದಂತೆ ಅಕ್ಷರಗಳ ಹಾಳೆಯನ್ನು ತಲೆಕೆಳಗು ಹಿಡಿಯಿರಿ.

ಮುಖ್ಯ ಕೆಲಸ ಟ್ರೇಸಿಂಗ್ ಪೇಪರಿನದು. ಒಂದು ಫಾಂಟಿನ ‘ಕ’ ಮೇಲೆ ಇನ್ನೊಂದರ ‘ಕ’ ಇಟ್ಟು, ಹೊರಗೆ ಚಾಚಿದ್ದಕ್ಕೆಲ್ಲ ಕೆಂಪು ಬಳಿಯಬೇಕು. ತಲೆಕಟ್ಟಿನ ತುದಿ ಕತ್ತರಿಸಿದಂತಿದೆಯೋ ದುಂಡಗಿದೆಯೋ, ನಡುವಿನ ಅಡ್ಡಗೆರೆ ಎಷ್ಟು ಕೆಳಗಿದೆ, ಅಕ್ಷರದ ಹೊಟ್ಟೆಯೊಳಗಿನ ಬಿಳಿ ಜಾಗ ಎಷ್ಟು ಅನ್ನುವುದು ಆಗ ಕೈಗೇ ಗೊತ್ತಾಗುತ್ತದೆ. ಎರಡು-ಮೂರು ವಾರ, ದಿನಕ್ಕೆ ಅರ್ಧ ತಾಸು ಸಾಕು. ಖರ್ಚು ಇನ್ನೂರು ರೂಪಾಯಿ ದಾಟುವುದಿಲ್ಲ. ಯಾವ ಅಕ್ಷರದ ಜೋಡಿ ಯಾವುದರ ಹಿಂದೆ ಬರಬೇಕು ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ಅಂಗಡಿಯ ಗುಟ್ಟು.

ರೊಕ್ಕ ಉಳಿಯುವುದು ಮಹಾಪ್ರಾಣದಲ್ಲಿ. ವಿನ್ಯಾಸದ ಸಾಫ್ಟ್‌ವೇರ್ ಕೋರೆಲ್‌ನಲ್ಲಿ ಅಕ್ಷರದ ಸುತ್ತ ಗೆರೆ (ಔಟ್‌ಲೈನ್) ಕೊಟ್ಟು ಅಕ್ಷರ ದಪ್ಪ ಮಾಡುವ ಚಾಳಿ ಎಲ್ಲರಿಗೂ ಇದೆ. ‘ಭ’, ‘ಧ’ಗಳ ಪಾದದ ಸೀಳು ಅದರಲ್ಲಿ ಮುಚ್ಚಿಹೋಗಿ ಶುಭಾಶಯ ‘ಶುಬಾಶಯ’ ಆಗುತ್ತದೆ. ಪರದೆಯ ಮೇಲೆ ಯಾರಿಗೂ ಕಾಣದು, ಕಂಬಕ್ಕೆ ಕಟ್ಟಿದ ಮೇಲೆ ಊರಿಗೆಲ್ಲ ಕಾಣುತ್ತದೆ! ಹತ್ತಡಿಗೆ ಇಪ್ಪತ್ತಡಿ ಬ್ಯಾನರು ಅಂದರೆ 200 ಚದರಡಿ. ಚದರಡಿಗೆ ಹನ್ನೆರಡು ರೂಪಾಯಿ ಹಿಡಿದರೂ 2,400 ರೂಪಾಯಿ ಮಣ್ಣುಪಾಲು. ಪಳಗಿದ ಹುಡುಗ ಔಟ್‌ಲೈನ್ ಮುಟ್ಟದೆ ದಪ್ಪ ಫಾಂಟನ್ನೇ ಹುಡುಕುತ್ತಾನೆ. ಜಾಗ ಸಾಲದೆ ಅಕ್ಷರವನ್ನು ಅಡ್ಡಕ್ಕೆ ಹಿಂಡಿದರೂ ಹಿಡಿಯುತ್ತಾನೆ: ನಿಂತ ಗೆರೆ ಬಡವಾಗಿ, ತಲೆಕಟ್ಟು ಮಾತ್ರ ದಪ್ಪಗೆ ಉಳಿದಿರುತ್ತದೆ.

ಸುಮ್ಮನೆ ಇರಲಾರದೆ ಇದೇ ಹುಡುಗರಿಗೆ ಫಾಂಟ್ ಗುರುತಿಸಲು ತೆಲುಗು ಹಾಳೆಯನ್ನೂ ಕೊಟ್ಟು ನೋಡಿದೆ. ಅರ್ಧಕ್ಕಿಂತ ಹೆಚ್ಚು ಸರಿ ಬಂತು. ತಮಿಳಿನಲ್ಲಿ ಹೊಸಬರಿಗಿಂತ ಮೇಲೇನಲ್ಲ. ಬೆಳಗಾವಿ ಕಡೆ ಕನ್ನಡ, ಮರಾಠಿ ಎರಡೂ ಬೋರ್ಡು ಮಾಡುವವರು ದೇವನಾಗರಿಗೆ ಬೇರೆಯೇ ಹಾಳೆ ಮಾಡಿಕೊಳ್ಳಿ. ಅಲ್ಲಿ ಶಿರೋರೇಖೆ, ಅಂದರೆ ತಲೆಯ ಮೇಲಿನ ಅಡ್ಡಗೆರೆ, ಅಕ್ಷರ ಅಕ್ಷರವನ್ನು ಬೆಸೆದಿರುತ್ತದೆ, ‘ಕ’ ಒಂದನ್ನೇ ಕತ್ತರಿಸಿ ತೋರಿಸಿದರೆ ಪದದೊಳಗೆ ಸೇರಿದಾಗ ಗುರುತು ಸಿಗುವುದಿಲ್ಲ. ಪದವನ್ನೇ ಟ್ರೇಸ್ ಮಾಡಿಸಬೇಕು.