ಚುಕ್ಕಾಣಿ: ಎಲ್ಲಿಂದ ಬಂತು, ಎಲ್ಲಿ ಬಳಸಬೇಕು

"ಪಾಲಿಕೆ ಚುಕ್ಕಾಣಿ ಯಾರಿಗೆ?" ದಾವಣಗೆರೆಯಲ್ಲಿ ಮೇಯರ್ ಚುನಾವಣೆ ಹತ್ತಿರ ಬಂತೆಂದರೆ ಇಂಥ ಮಾತು ಕೇಳಿಬರುತ್ತದೆ. ಸಮುದ್ರ ನೋಡಲು ನಾವು ಘಟ್ಟ ಇಳಿಯಬೇಕು, ಆದರೂ ಹಡಗಿನ ಈ ಪದ ನಮ್ಮ ಬಾಯಲ್ಲಿ ಸಲೀಸಾಗಿ ಆಡುತ್ತದೆ. ನನಗೆ ತುಂಬಾ ಇಷ್ಟದ ಪದ. ಚೆನ್ನಾಗಿ ಬಳಸಬೇಕಾದರೆ ಮೊದಲು ಆ ವಸ್ತು ಏನು ಅಂತ ತಿಳಿದುಕೊಳ್ಳಿ.

ತುಂಗಭದ್ರೆಯ ಹರಿಗೋಲು ನೆನಪಿಸಿಕೊಳ್ಳಿ. ದುಂಡಗಿನ ಬುಟ್ಟಿ, ಹಿಂದೆ ಮುಂದೆ ಅಂತಿಲ್ಲ, ಅದಕ್ಕೆ ಚುಕ್ಕಾಣಿಯೂ ಇಲ್ಲ. ಸಾಗಿಸುವುದು, ತಿರುಗಿಸುವುದು ಎರಡೂ ಅಂಬಿಗನ ಕೈಯಲ್ಲಿರುವ ಹುಟ್ಟಿನಿಂದಲೇ. ಹಡಗಿನ ಚುಕ್ಕಾಣಿ ಬೇರೆ. ಅದು ಹಿಂಭಾಗದಲ್ಲಿ ನೀರೊಳಗೆ ಇರುವ ಹಲಗೆ. ಅದನ್ನು ಒಂದು ಕಡೆ ತಿರುಗಿಸಿದರೆ ಹರಿಯುವ ನೀರು ಬಂದು ಒತ್ತುತ್ತದೆ, ಹಡಗಿನ ಹಿಂಭಾಗ ಆಚೆ ಸರಿಯುತ್ತದೆ, ಮೂತಿ ಈಚೆ ಹೊರಳುತ್ತದೆ. ಹಡಗು ನಿಂತ ನೀರಲ್ಲಿ ಸುಮ್ನೆ ನಿಂತಿದ್ದರೆ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಇದನ್ನು ಮರೆಯಬೇಡಿ.

ಪದ ಬಂದಿದ್ದು ಅರಬ್ಬಿ ಭಾಷೆಯಿಂದ. ಅಲ್ಲಿ 'ಸುಕ್ಕಾನ್' ಅಂದರೆ ಈ ಹಲಗೆ, 'ಸುಕ್ಕಾನಿ' ಅಂದರೆ ಅದನ್ನು ಹಿಡಿಯುವವನು. ಅರಬ್ ವ್ಯಾಪಾರಿಗಳ ಹಡಗುಗಳು ನೂರಾರು ವರ್ಷ ನಮ್ಮ ಪಶ್ಚಿಮ ಕರಾವಳಿಗೆ ಬಂದುಹೋಗುತ್ತಿದ್ದವು. ಮಲಯಾಳದಲ್ಲಿ ಇದು ಚುಕ್ಕಾನ್, ಮರಾಠಿಯಲ್ಲಿ ಸುಕಾಣೂ. ಆಳುವುದನ್ನು ಹಡಗು ನಡೆಸುವುದಕ್ಕೆ ಹೋಲಿಸಿದ್ದು ನಾವು ಮಾತ್ರ ಅಲ್ಲ. 'ಗವರ್ನರ್' ಪದದ ಬೇರು ಕೂಡ ಹಡಗು ನಡೆಸು ಅನ್ನುವ ಗ್ರೀಕ್ ಪದವೇ!

ಇನ್ನು ಬಳಕೆ. ಚುಕ್ಕಾಣಿಯನ್ನು ಹಿಡಿಯುತ್ತಾರೆ, ಇನ್ನೊಬ್ಬರಿಗೆ ಒಪ್ಪಿಸುತ್ತಾರೆ. 'ಚುಕ್ಕಾಣಿ ಏರಿದರು' ಅಂತ ಬರೆಯಬೇಡಿ, ಏರುವುದು ಗದ್ದುಗೆ. ಹಗಲುರಾತ್ರಿ ದುಡಿದವರ ಬಗ್ಗೆ ಹೇಳುವಾಗಲೂ ಈ ಪದ ಒಗ್ಗುವುದಿಲ್ಲ, ಅದು ದೋಣಿಯಲ್ಲಿ ಕೂತು ಹುಟ್ಟು ಹಾಕುವವರ ಕೆಲಸ ಅಲ್ವಾ? ಬರೆಯುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ: ಇದು ಈಗಾಗಲೇ ಸಾಗುತ್ತಿದೆಯಾ? ಯಾವ ಕಡೆ ಹೋಗಬೇಕು ಅಂತ ಇವರು ತೀರ್ಮಾನ ಮಾಡುತ್ತಾರಾ?

"ಅಪ್ಪ ತೀರಿಕೊಂಡ ಮೇಲೆ ಅಕ್ಕ ಮಂಡಕ್ಕಿ ಭಟ್ಟಿಯ ಚುಕ್ಕಾಣಿ ಹಿಡಿದಳು." ಭಟ್ಟಿ ನಡೆಯುತ್ತಿದ್ದರೆ ಈ ವಾಕ್ಯ ಸೊಗಸು. ನಾಲ್ಕು ವರ್ಷ ಬಾಗಿಲು ಹಾಕಿದ್ದ ಭಟ್ಟಿಯಾದರೆ "ಅಕ್ಕ ಮತ್ತೆ ಒಲೆ ಹಚ್ಚಿದಳು" ಅಂತ ಬರೆಯಿರಿ.