ಮೂವರು ರೈಡರ್‌ಗಳಲ್ಲಿ ಮೊದಲು ಯಾರು?

ಮಂಜೇಶ್ವರ, ಕುಂಬಳೆ ಕಡೆಯ ಹೊನಲು ಬೆಳಕಿನ ಕಬಡ್ಡಿ ಸೀಸನ್ ನಡುವೆ ಮುಖ್ಯ ರೈಡರನ್ನು (ಎದುರಿನ ಅಂಕಣಕ್ಕೆ ದಾಳಿಗೆ ಹೋಗುವವನನ್ನು) ಬದಲಿಸಬೇಕೆನಿಸಿದರೆ ಚಪ್ಪಾಳೆಯ ಲೆಕ್ಕ ಬಿಡಿ, ನೋಟ್‌ಬುಕ್ ಹಿಡಿಯಿರಿ. ಪ್ರತಿ ರೈಡಿಗೂ ನಾಲ್ಕು ಕಲಂ: ಅಂಕ, ಬರಿಗೈ, ಔಟ್, ಎದುರಿದ್ದವರ ಸಂಖ್ಯೆ. ಕೊನೆಯದೇ ಮುಖ್ಯ. ಎದುರು 6 ಅಥವಾ 7 ಜನ ಇದ್ದಾಗಷ್ಟೇ ಬೋನಸ್, ಅಂದರೆ ಬೋನಸ್ ಗೆರೆ ದಾಟಿದ್ದಕ್ಕೆ ಕೊಡುವ ಅಂಕ, ಸಿಗುವುದು. ಅದನ್ನೇ ನಂಬಿದವನು ಎದುರಾಳಿಗಳು ಐವರಾದ ಕೂಡಲೇ ಮಂಕಾಗುತ್ತಾನೆ. ಅವನನ್ನು ಮೊದಲು ಕಳಿಸಿ, ಆಮೇಲೆ ಎದುರಾಳಿಯನ್ನು ಮುಟ್ಟಿ ಟಚ್ ಪಾಯಿಂಟ್ ತರುವವನನ್ನು. ಡೂ ಆರ್ ಡೈ ನಿಯಮವಿದ್ದರೆ (ಸತತ ಎರಡು ಬರಿಗೈ ಆದ ಮೇಲೆ ಮೂರನೇ ರೈಡಿನಲ್ಲಿ ಅಂಕ ತರಲೇಬೇಕು, ಇಲ್ಲವೇ ಔಟ್), ಎರಡು ಬರಿಗೈ ರೈಡಿನ ಬಳಿಕ ಹೋಗುವವನು ಯಾರೆಂದು ಪಂದ್ಯಕ್ಕೆ ಮೊದಲೇ ಗೊತ್ತಿರಲಿ. ಅಲ್ಲೇ ನಿಂತು ಕಣ್ಸನ್ನೆ ಮಾಡಿಕೊಂಡರೆ ಎದುರಿನ ಮೂಲೆಯಲ್ಲಿ ಹಿಡಿಯಲು ನಿಂತ ಕಾರ್ನರ್‌ನವನಿಗೆ ಹಬ್ಬ.

ಒಮ್ಮೆ ಸಿಕ್ಕಿಬಿದ್ದನೆಂದು ತೆಗೆಯಬೇಡಿ, ಮೂರು ಪಂದ್ಯ ನೋಡಿ. ಬೆಂಚಿಗೆ ಕೂರಿಸುವುದನ್ನು ಕೋಚೇ ಮುಖತಃ ಹೇಳಲಿ, ವಾಟ್ಸಾಪ್ ಗ್ರೂಪಿನಲ್ಲಲ್ಲ. ಮಣ್ಣಿನ ಅಂಕಣದ ಲೆಕ್ಕ ಮ್ಯಾಟಿಗೆ ಹೊಂದದು. ಅದಕ್ಕೆ ಬೇರೆ ಪುಟ ಇಡಿ.