ಓಣಿ ರಸ್ತೆ ಬಗ್ಗೆ ಆರ್‌ಟಿಐ ಹಾಕೂದು ಹ್ಯಾಂಗ

ಓಣ್ಯಾಗ ರಸ್ತೆ ಅಗದು ಪೈಪ್ ಹಾಕಿ ಮಣ್ಣು ಹಂಗ ಬಿಟ್ಟು ಹೋಗ್ಯಾರಂದ್ರ ಚಾದಂಗಡ್ಯಾಗ ಕುಂತು ಬೈದ್ರ ಏನೂ ಆಗಂಗಿಲ್ರಿ, ಒಂದು ಆರ್‌ಟಿಐ ಅಂದ್ರ ಮಾಹಿತಿ ಹಕ್ಕಿನ ಅರ್ಜಿ ಹಾಕ್ರಿ, 2005ರ ಕಾಯ್ದೆ ಅದ, ಫೀ ಬರೇ 10 ರೂಪಾಯಿ. ಹುಬ್ಬಳ್ಳ್ಯಾಗ ಯಾವ ದೊಡ್ಡ ಪೋಸ್ಟ್ ಆಫೀಸಿಗೆ ಹೋದ್ರೂ ಆ ಫೀ ಕಟ್ಟಾಕ ಪೋಸ್ಟಲ್ ಆರ್ಡರ್ ಕೇಳ್ರಿ. ಬಿಪಿಎಲ್ ಇದ್ರ ಅದೂ ಬ್ಯಾಡ, ಕಾರ್ಡಿನ ಝೆರಾಕ್ಸ್ ಹಚ್ಚಿದ್ರ ಆತು.

ಖರೇ ಆಟ ಇರೂದು ಪ್ರಶ್ನೆ ಬರಿಯೂದ್ರಾಗ. ನಾ ಮೊದಲ್ನೇ ಸಲ "ರಸ್ತೆ ಯಾಕ ಮಾಡಿಲ್ಲ?" ಅಂತ ಸಿಟ್ಟಿಲೆ ಬರದಿದ್ದೆ, ಒಂದ ಸಾಲಿನ್ಯಾಗ ಉತ್ತರ ಬಂತು, ಮುಗೀತು. ಯಾಕ ಅಂತ ಕೇಳಬ್ಯಾಡ್ರಿ, ಕಾಗದ ಕೇಳ್ರಿ. ಎಸ್ಟಿಮೇಟ್, ವರ್ಕ್ ಆರ್ಡರ್, ಗುತ್ತಿಗೆದಾರಗ ಕೊಟ್ಟ ಬಿಲ್, ಮತ್ತ ಎಂಬಿ ಅಂದ್ರ ಅಳತೆ ಪುಸ್ತಕ, ಇವುಗಳ ದೃಢೀಕೃತ ನಕಲು ಕೊಡ್ರಿ ಅಂತ ಬರೀರಿ. ಅಳತೆ ಪುಸ್ತಕದಾಗ ಎಷ್ಟು ಮೀಟರ್ ಡಾಂಬರು ಹಾಕೇವಿ ಅಂತ ಇರ್ತದ, ನೀವು ಟೇಪ್ ಹಿಡದು ಓಣ್ಯಾಗ ನಿಂತ್ರ ಗೊತ್ತಾಗ್ತದ ನೋಡ್ರಿ!

ಕರ್ನಾಟಕದ ನಿಯಮದಾಗ ಒಂದ ಅರ್ಜಿಗೆ ಒಂದ ವಿಷಯ, 150 ಶಬ್ದ, ಅಷ್ಟರಾಗ ಮುಗಸ್ರಿ. ಯಾಕ ಬೇಕು ಅಂತ ಕಾರಣ ಹೇಳೂದು ಬೇಕಾಗಿಲ್ಲ, ಕೌಂಟರಿನ್ಯಾಗ ಕೇಳಿದ್ರೂ ನಕ್ಕು ಬಿಡ್ರಿ. ಕೈಯಾರೆ ಕೊಟ್ರ ಸ್ವೀಕೃತಿ ಸೀಲ್ ಹಾಕಿಸ್ಕೋರಿ, ಇಲ್ಲಂದ್ರ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಕೋರಿ. 30 ದಿನದಾಗ ಉತ್ತರ ಬರ್ಲಿಲ್ಲಂದ್ರ ಮುಂದಿನ 30 ದಿನದೊಳಗ ಅರ್ಜಿ ಕೊಟ್ಟ ಆಫೀಸಿನ ಮೇಲಧಿಕಾರಿಗೆ ಮೊದಲ್ನೇ ಅಪೀಲು ಹಾಕ್ರಿ.